ದೊಡ್ಡಿಯೊಳಗಿನ ಗಾಳಿಯಂತ್ರ

ಮನೂರಿನ ದಿಬ್ಬದ ಮೇಲೆ ಕುರಿ ಸಾಕಿಕೊಂಡಿರುವ ಬೀರಣ್ಣನ ಗುಡಿಸಲಿಗೆ ಕರೆಂಟಿಲ್ಲ. ತೋಳ ಬರದಂತೆ ಕುರಿದೊಡ್ಡಿಗೊಂದು ಬಲ್ಬು ಬೇಕೆಂದು ಅವನು ಪ್ಲಾಸ್ಟಿಕ್ ಪೈಪು ಸೀಳಿ ರೆಕ್ಕೆ ಮಾಡಿದ, ಹಳೆಯ ಬ್ಯಾಟರಿ ಸ್ಕೂಟರಿನ ಮೋಟಾರಿಗೆ ಸಿಕ್ಕಿಸಿ ದೊಡ್ಡಿಯೊಳಗೇ ಕಂಬಕ್ಕೇರಿಸಿದ. ಬೇರೆ ಜಾಗ ಅವನಿಗಿಲ್ಲ.

ಅಲ್ಲಿ ಗಾಳಿ ಏಳುವುದೇ ಸಂಜೆ, ಕುರಿಗಳು ಮೇದು ಬರುವ ಹೊತ್ತಿಗೆ. ಬಲ್ಬೇನೋ ಹೊತ್ತಿತು. ಆದರೆ ರೆಕ್ಕೆಯ ಗರಗರ ಸದ್ದಿಗೆ ಮುಂದಿನ ಕುರಿ ಬಾಗಿಲಲ್ಲೇ ನಿಂತಿತು, ಹಿಂದಿನವೂ ನಿಂತವು.

“ಮೊದ್ಲ ಅದನ್ನ ನಿಲ್ಲಸ್ರಿ, ಒಳಗ ಮರಿ ಹಾಲಿಗಿ ಒದರಾಕತ್ತಾವ!” ಎಂದಳು ಹೆಂಡತಿ ಮೋನಮ್ಮ.

ಬೀರಣ್ಣ ಹಗ್ಗ ಜಗ್ಗಿ ರೆಕ್ಕೆ ಕಟ್ಟಿದ. ಬಲ್ಬು ಆರಿತು, ಕುರಿಗಳು ಒಳನುಗ್ಗಿದವು.

ಆಮೇಲೆ ಬಿಚ್ಚಿದರೆ ಒಳಗಿದ್ದವೂ ಬೆದರಿ ಬಾಗಿಲಿಗೆ ನುಗ್ಗುತ್ತವೆ. ಹಾಗಾಗಿ ಈಗ ದಿನಾ ಗಾಳಿ ಏಳುವ ಮೊದಲೇ ಕಟ್ಟುತ್ತಾನೆ.

“ನಿಮ್ಮ ಸಲುವಾಗೇ ಮಾಡಿದ್ನಲ್ರಲೇ!” ಎಂದು ಬಯ್ಯುತ್ತಾನೆ. ಕುರಿಗಳು ಅದೇ ಕಂಬಕ್ಕೆ ಮೈ ತಿಕ್ಕುತ್ತಿರುತ್ತವೆ.