ಹಣಮಪ್ಪನ ಸೊಕ್ಕು

ಸೊಕ್ಕು ಎಂಬ ಮಾತು ಎಲ್ಲರಿಗೂ ಅಂಟುವುದಿಲ್ಲ. ಶಹಾಬಾದದ ಫರಸಿ ಕಲ್ಲಿನ ಖಣಿಯಲ್ಲಿ ಗುತ್ತೇದಾರ ಕುರ್ಚಿಯ ಮೇಲೆ ಕಾಲು ಅಲುಗಿಸುತ್ತ ಆಳುಗಳ ತಾಯಿ-ತಂಗಿಯರನ್ನೆಲ್ಲ ಬೈಗುಳಕ್ಕೆ ಎಳೆದರೆ ಅವನು ಖಡಕ್ ಮನುಷ್ಯ. ಅದೇ ಖಣಿಯ ಹಣಮಪ್ಪ ಬಲಗಾಲು ಚಾಚಿ ಕುಳಿತರೆ ಮಾತ್ರ ಸೊಕ್ಕು. ಮೊಣಕಾಲಿನ ಮೇಲೆ ಕಲ್ಲು ಬಿದ್ದ ಮೇಲೆ ಆ ಕಾಲು ಮಡಚುತ್ತಲೇ ಇರಲಿಲ್ಲ. ಅದನ್ನು ಯಾವ ಪುಣ್ಯಾತ್ಮ ಕೇಳಬೇಕು?

ಎಪ್ಪತ್ನಾಲ್ಕನೇ ಇಸವಿಯಲ್ಲಿ ಮಗಳು ಪೀರಮ್ಮನನ್ನು ನೋಡಲು ಸುಲೇಪೇಟದಿಂದ ಬೀಗರು ಬಂದರು. ಕಂಬಳಿಯ ಮೇಲೆ ಕುಳಿತ ಹಣಮಪ್ಪನ ಕಾಲು ನೇರ ಅವರತ್ತ ಚಾಚಿಕೊಂಡಿತ್ತು. ಗಂಡಿನ ತಂದೆ ಶಿವರಾಯ ಮುಖ ಗಂಟಿಕ್ಕಿದ.

"ಮನೀಗಿ ಬಂದವರಿಗಿ ಕಾಲು ತೋರಸ್ತಾನ. ಭಾಳ ಸೊಕ್ಕದ."

"ಸೊಕ್ಕಲ್ರಿ ಯಣ್ಣಾ, ಅವರ ಕಾಲು ಮಡಚಂಗಿಲ್ರಿ," ಎಂದು ಹೆಂಡತಿ ಮಾಣಿಕಮ್ಮ ಅಂಗಲಾಚಿದಳು. ಹುಡುಗಿ ಚೆಂದ ಇದ್ದಳು. ಶಿವರಾಯ ಒಪ್ಪಿದ, ಆಡಿದ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ತನ್ನ ಕಾಲಿನಿಂದ ಮಗಳ ಬಾಳು ಕೆಡಬಾರದೆಂದು ಮದುವೆಯ ದಿನ ಹಣಮಪ್ಪ ಕುಳಿತುಕೊಳ್ಳಲೇ ಇಲ್ಲ. ಬೀಗರ ಸಾಲಿನಲ್ಲಿ ಎಲೆ ಹಾಕಿ ಕರೆದಾಗಲೂ ಕೈ ಮುಗಿದ. "ನೀವು ಉಣ್ರಿ, ನಾ ಆಮ್ಯಾಲ ಉಣ್ತೀನಿ."

"ನೋಡ್ರಿ, ನಮ್ಮ ಜೋಡಿ ಕುಂತು ಉಣ್ಣಲಿಕ್ಕೂ ಒಲ್ಲ," ಎಂದ ಶಿವರಾಯ. "ಎಷ್ಟು ಸೊಕ್ಕು!"

ಸಾಲಿನವರೆಲ್ಲ ನಕ್ಕರು. ಹಣಮಪ್ಪನಿಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಇಲ್ಲದ ಸೊಕ್ಕು ಇದೆ ಅನ್ನಿಸಿಕೊಂಡಾಯಿತು, ಒಮ್ಮೆಯಾದರೂ ಮಾಡಿ ತೋರಿಸಬೇಕು ಅನಿಸಿತು. ಗೋಡೆ ಹಿಡಿದು ಕುಳಿತ. ಕಾಲನ್ನು ಎರಡೂ ಕೈಯಿಂದ ಎತ್ತಿ ಶಿವರಾಯನ ಎಲೆಯ ಅಂಚಿಗೇ ಚಾಚಿದ.

"ಈಗ ಅನ್ರಿ, ಸೊಕ್ಕಂತ."

ಶಿವರಾಯ ಅರ್ಧ ಊಟಕ್ಕೇ ಎದ್ದುಹೋದ. ಹಣಮಪ್ಪ ಹೊಟ್ಟೆ ತುಂಬ ಉಂಡ.

ಪಂಚಮಿಗೆ ಮಗಳನ್ನು ಕರೆತರಲು ಹೋದ ಮಾಣಿಕಮ್ಮ ಒಬ್ಬಳೇ ಮರಳಿದಳು. ಅಪ್ಪ ಬಂದು ಕಾಲು ಹಿಡಿಯದ ಹೊರತು ಸೊಸೆಯನ್ನು ಕಳಿಸುವುದಿಲ್ಲವಂತೆ. ಹಣಮಪ್ಪ ಸುಲೇಪೇಟದ ಬಸ್ಸು ಹತ್ತಿದ. ಕಾಲು ಹಿಡಿಯಲು ಮಂಡಿಯೂರಬೇಕಲ್ಲ, ಅದು ಅವನಿಂದಾಗದು. ಶಿವರಾಯನ ಅಂಗಳದಲ್ಲಿ, ಓಣಿಯವರೆಲ್ಲ ನೋಡುತ್ತಿರಲು, ಉದ್ದಕ್ಕೆ ಬೋರಲು ಬಿದ್ದು ಅವನ ಪಾದ ಮುಟ್ಟಿದ. ಶಿವರಾಯ ಮೀಸೆಯಲ್ಲೇ ನಕ್ಕು ಸೊಸೆಯನ್ನು ಕಳಿಸಿಕೊಟ್ಟ.

ಬಸ್ಸಿನಲ್ಲಿ ಪೀರಮ್ಮ ಅಪ್ಪನ ಅಂಗಿಯ ಮಣ್ಣು ಒರೆಸಿದಳು.

"ಯಾಕ ಬಂದಿ ಅಪ್ಪಾ? ಮದವಿ ದಿನ ನೀ ಕಾಲು ಚಾಚಿದ್ದು ನೆನಸಿಕೊಂಡೇ ನಾ ಆ ಮನ್ಯಾಗ ದಿನ ದೂಡಲಿಕತ್ತಿದ್ದೆ."