ಕುಳಿಮಂಡಲದ ಲೋಕಲ್

ವಡಾಲದ ಚಾಳಿನ ದಾವಲಸಾಬ ಲಕ್ಷ್ಮೇಶ್ವರದ ಕಡೆಯವನು. ಟೇಶನ್ನಿನ ಬೋರ್ಡು ನೋಡಿ ನೋಡಿಯೇ ಇಂಗ್ಲಿಷ್ ಅಕ್ಷರ ಕಲಿತ ಜಾಣ. ಮುಂಬಯಿಯ ಒಂದು ಪ್ರಾಣಿ ಸಂಗ್ರಹಾಲಯದಲ್ಲಿ ಸತ್ತ ಹಾವುಗಳನ್ನು ಸ್ಪಿರಿಟ್ ತುಂಬಿದ ಬಾಟಲಿಗೆ ಇಳಿಸಿ ಚೀಟಿ ಅಂಟಿಸುವುದು ಅವನ ಕೆಲಸ. ಒಂಬತ್ತು ವರ್ಷವಾದರೂ ಆರಕ್ಕೇರದ ಮೂರಕ್ಕಿಳಿಯದ ಟೆಂಪರ್ವರಿ ನೌಕರಿ.

೧೯೭೨ರಲ್ಲಿ ಮೈಸೂರಿನ ಕೇಶವಮೂರ್ತಿ ಅಲ್ಲಿಗೆ ಅಧಿಕಾರಿಯಾಗಿ ಬಂದರು. ಕಣ್ಣಿಗೂ ಮೂಗಿಗೂ ನಡುವೆ ಸಣ್ಣ ಕುಳಿಯಿರುವ ಕುಳಿಮಂಡಲ ಹಾವುಗಳಲ್ಲಿ ಎಷ್ಟು ಜಾತಿ, ಯಾವುದು ಎಲ್ಲಿ ವಾಸ ಎಂದು ಪುಸ್ತಕ ಬರೆಯುವ ಹುಚ್ಚು ಅವರಿಗೆ. ಹಸಿರು ಹಾವು ಸ್ಪಿರಿಟ್‌ನಲ್ಲಿ ನೀಲಿಗೆ ತಿರುಗುತ್ತದೆ, ಬಣ್ಣ ನಂಬುವಂತಿಲ್ಲ. ಹಾಗಾಗಿ ಅವರು ಕೂತು ಹಾವಿನ ಮೈಯ ಹುರುಪೆ ಎಣಿಸುವರು. ದಾವಲಸಾಬ ಒಂದೇ ಜಾತಿ ಎಂದು ಒಟ್ಟಿಗಿಟ್ಟದ್ದು ಮೂರಾಯಿತು, ಮೂರೆಂದುಕೊಂಡದ್ದು ಒಂದಾಯಿತು. ಪಾಪ, ಅವನ ತಲೆ ಗಿರ್ರೆಂದಿತು. ಆದರೂ ಸಾಹೇಬರು ಅವನ ಶ್ರದ್ಧೆ ಮೆಚ್ಚಿ, ಪರ್ಮನೆಂಟ್ ಮಾಡುವ ಕಾಗದ ಟೈಪ್ ಮಾಡಿಸಿದ್ದರು. ಸಹಿಯೊಂದು ಬಾಕಿ.

ಅವತ್ತು ಅವರು ಚೀಟಿಗಳನ್ನೆಲ್ಲ ನೋಡಿ ನಕಾಶೆಯ ಮೇಲೆ ಚುಕ್ಕೆ ಇಟ್ಟಿದ್ದರು.

“ವಿಚಿತ್ರ ಕಣಯ್ಯಾ! ವಡಾಲ, ವಿಕ್ರೋಳಿ, ಕಲ್ಯಾಣ, ಎಲ್ಲಾ ಕಡೆ ಕುಳಿಮಂಡಲ ಇದೆ. ಪವಾಯಿಯಲ್ಲಿ ಕೆರೆ ಇದೆ, ಗುಡ್ಡ ಇದೆ. ಅಲ್ಲಿ ಮಾತ್ರ ಒಂದೂ ಇಲ್ಲ!”

“ಪವಾಯಿಗೆ ಟೇಶನ್ ಇಲ್ಲಲ್ರಿ, ಸಾಹೇಬ್ರ,” ಎಂದ ದಾವಲಸಾಬ.

“ಹಾವಿಗೆ ಟೇಶನ್ ಯಾಕಯ್ಯಾ? ಚೀಟಿಯಲ್ಲಿರೋದು ಹಾವು ಸಿಕ್ಕಿದ ಜಾಗ ಅಲ್ವೇ?”

ದಾವಲಸಾಬ ಒಂದು ಬಾಟಲಿ ಎತ್ತಿ ನೋಡಿದ. ಚೀಟಿಯ ಮೇಲೆ ಎಲ್, ಓ, ಸಿ ಎಂದು ಮೂರೇ ಇಂಗ್ಲಿಷ್ ಅಕ್ಷರ ಅಚ್ಚಾಗಿತ್ತು. ಮುಂಬಯಿಯಲ್ಲಿ ‘ಲೋಕ್’ ಅಂದರೆ ಲೋಕಲ್ ರೈಲು ಅಲ್ಲದೆ ಇನ್ನೇನು? ಹಾವು ತಂದವರನ್ನೆಲ್ಲ “ಯಾವ ಟೇಶನ್ದಾಗ ಲೋಕಲ್ ಹತ್ತಿದ್ರಿ?” ಎಂದು ಕೇಳಿ, ಅದನ್ನೇ ಮುದ್ದಾಗಿ ಬರೆದಿದ್ದ. ಈಗ ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಸಾಹೇಬರ ಪುಸ್ತಕವೇ ಸುಳ್ಳು. ಸಹಿಯಿಲ್ಲದ ಕಾಗದ ಮೇಜಿನ ಮೇಲೆ ಕಾಣುತ್ತಲೇ ಇತ್ತು. ಅವನಿಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿಬಿಟ್ಟ.

ಕೇಶವಮೂರ್ತಿ ತಲೆಯ ಮೇಲೆ ಕೈಹೊತ್ತು ಕೂತರು. “ಅದು ಲೊಕ್ಯಾಲಿಟಿ ಕಣಯ್ಯಾ, ಸಿಕ್ಕಿದ ಜಾಗ! ಎಷ್ಟು ಬಾಟಲಿ?”

“ನಲವತ್ತೊಂದ್ರಿ.”

ಅವರು ಕಾಗದವನ್ನು ಡ್ರಾಯರಿಗೆ ತಳ್ಳಿದರು. ಮಾರನೆಯ ದಿನ ಪೋಸ್ಟ್‌ಕಾರ್ಡಿನ ಕಟ್ಟು ಅವನ ಮುಂದಿಟ್ಟರು. “ಹಾವು ತಂದವರಿಗೆಲ್ಲ ಬರಿ. ಎಲ್ಲಿ ಹಿಡಿದ್ರಿ ಅಂತ ಕೇಳು.”

ಆರು ತಿಂಗಳಲ್ಲಿ ಇಪ್ಪತ್ತೊಂಬತ್ತು ಉತ್ತರ ಬಂದವು. ಒಬ್ಬ ಹಿಡಿದದ್ದು ಆಂಬೋಲಿ ಘಟ್ಟದಲ್ಲಿ, ಇನ್ನೊಬ್ಬ ಖಂಡಾಲಾದಲ್ಲಿ. ವಡಾಲದ್ದು ಒಂದೂ ಇಲ್ಲ. ಉಳಿದ ಹನ್ನೆರಡು ಬಾಟಲಿಗೆ ಏನು ಬರೆಯುವುದು? ಬರೆಯದೆ ಬಿಟ್ಟರೆ ಸೋಮಾರಿತನ, ಊಹಿಸಿ ಬರೆದರೆ ಮತ್ತದೇ ಪಾಪ. ಕೊನೆಗೆ ‘ಗೊತ್ತಿಲ್ಲ’ ಎಂದು ಹನ್ನೆರಡು ಸಲ ಬರೆದ. ಕೇಶವಮೂರ್ತಿ ಒಂದೊಂದೇ ಚೀಟಿ ಓದಿದರು. ಆಮೇಲೆ ಡ್ರಾಯರ್ ಎಳೆದು ಕಾಗದಕ್ಕೆ ಸಹಿ ಹಾಕಿ ಕೊಟ್ಟರು.

ಸಂಜೆ ಚಾಳಿನಲ್ಲಿ ಹೆಂಡತಿ ಬೀಬೀಜಾನಳ ಮುಂದೆ ಆ ಕಾಗದ ಹಿಡಿದು ಅವನು ಕಕ್ಕಾಬಿಕ್ಕಿಯಾಗಿ ಕೂತ.

“ಎಲ್ಲಾ ಗೊತ್ತೈತಂತ ಒಂಬತ್ತ ವರ್ಷ ಬರದೆ, ಟೆಂಪರ್ವರಿ ಇಟ್ರು. ಗೊತ್ತಿಲ್ಲಂತ ಬರದ ಕೂಡ್ಲೆ ಪರ್ಮನೆಂಟ್ ಮಾಡ್ಯಾರ. ಇದ್ಯಾವ ನ್ಯಾಯ, ಬೀಬೀ?”