ಲಂಡನ್ ಬಸ್ಸಿನ ಮುಂದಿನ ಸೀಟು

ಚನ್ನಪಟ್ಟಣದ ಗೊಂಬೆಗಳ ಪ್ರದರ್ಶನಕ್ಕೆಂದು ಲಂಡನ್‌ಗೆ ಹೋದವನು ಒಂದು ಸಂಜೆ ದಾರಿ ತಪ್ಪಿದೆ. ಟ್ಯಾಕ್ಸಿ ದರ ಕೇಳಿ ಗಾಬರಿಯಾಗಿ, ಎದುರು ನಿಂತ ಡಬ್ಬಲ್ ಡೆಕ್ಕರ್ ಬಸ್ ಹತ್ತಿ ಮೇಲೆ ಹೋದೆ. ಮುಂದಿನ ಸೀಟಿನಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಜ್ಜಿಯೊಬ್ಬರು ಫೋನಿನಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುತ್ತಿದ್ದರು.

"ಅವ್ವಾ, ದಾರಿ ತಪ್ಪಿಬುಟ್ಟೆ," ಎಂದೆ.

"ಕೂತ್ಕೊ ಮಗ. ನಂದು ದೊಡ್ಡಆಲಹಳ್ಳಿ, ಮಗಳ ಬಾಣಂತನಕ್ಕೆ ಬಂದಿವ್ನಿ. ಇಲ್ಲಿ ಟ್ಯಾಕ್ಸಿ ಬ್ಯಾಡ, ಟೂರ್ ಬಸ್ಸೂ ಬ್ಯಾಡ. ಮಾಮೂಲಿ ಬಸ್ಸಲ್ಲಿ ಮೇಲ್ಗಡೆ ಕೂತ್ರೆ ಊರೇ ನಿನ್ ತಾವ್ಕೆ ಬತ್ತೈತೆ. ಕೊನೆ ಸ್ಟಾಪಲ್ಲಿ ಅಳಿಯ ಕಾಯ್ತಾವ್ನೆ, ನಿನ್ನ ರೂಮ್‌ಗೆ ಬುಡ್ತಾನೆ."

ಮರದ ಕೊಂಬೆಗಳು ಗಾಜನ್ನು ಸವರಿದವು. ಸೇತುವೆ, ನದಿ, ದೀಪಗಳು ನಮ್ಮ ಕಾಲ ಕೆಳಗೆ ಹರಿದವು. ಬಸ್ಸು ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯಲಿಲ್ಲ.

ಆ ಬಸ್ಸು ರಾಜರ ಅರಮನೆಯ ಪಕ್ಕದಲ್ಲೇ ಹಾದು ಬಂತೆಂದು ಆಮೇಲೆ ಅಳಿಯ ಹೇಳಿದ. ಆಗ ನಾವಿಬ್ಬರೂ ನಿದ್ದೆಯಲ್ಲಿದ್ದೆವು.